ಲಕೋಟೆಯೊಳಗಿನ ಓಟು

ನನ್ನ ಸೋದರಮಾವನ ಒಂದು ಓಟಿಗೆ ನನಗೆ ಬಿದ್ದ ಖರ್ಚು ನಾಲ್ಕು ಸಾವಿರ ಚಿಲ್ಲರೆ. ಹಂಚಿದ್ದಲ್ಲ ಮಾರಾಯ್ರೆ! ಯಲ್ಲಾಪುರದಿಂದ ಶಿರಸಿಗೆ ಗಾಡಿ ಬಾಡಿಗೆ, ವಕೀಲರ ಫೀಸು, ನಡುವೆ ಮಾವನಿಗೆ ಮಸಾಲೆ ದೋಸೆ. ಹಳೇ ಲಾರಿ ಟೈರು ಮಾರಿ ಮೇಲೆ ಬಂದವನು ನಾನು. ಇಂಥ ನಷ್ಟದ ವ್ಯಾಪಾರ ಹಿಂದೆಂದೂ ಮಾಡಿರಲಿಲ್ಲ.

ಲೋಕಸಭಾ ಚುನಾವಣೆಯ ದಿನ ಮಾವ ಉಂಡು, ಎಲೆಅಡಿಕೆಯ ಕವಳ ಹಾಕಿ, ನಿಧಾನಕ್ಕೆ ಮತಗಟ್ಟೆಗೆ ಹೋದರೆ ಅವರ ಹೆಸರಲ್ಲಿ ಯಾರೋ ಓಟು ಹಾಕಿ ಹೋಗಿದ್ದರು! ಬೇರೆಯವರಾದರೆ ಬೈದು ಮನೆಗೆ ಬರುತ್ತಿದ್ದರು. ಮಾವ ಬಾಗಿಲಿಗೇ ಅಡ್ಡ ನಿಂತರು. ಅಧಿಕಾರಿ ಗುರುತಿನ ಚೀಟಿ ನೋಡಿ, ಕಾಗದದ ಮತಪತ್ರವೊಂದನ್ನು ಕೊಟ್ಟರು. ಮಾವ ಮುದ್ರೆ ಒತ್ತಿ ಕೊಟ್ಟಿದ್ದೇ ಅಧಿಕಾರಿ ಅದನ್ನು ಲಕೋಟೆಯಲ್ಲಿಟ್ಟರು. ಎಣಿಕೆಯ ದಿನ ಆ ಲಕೋಟೆ ಒಡೆಯುವುದೇ ಇಲ್ಲವಂತೆ! ಕಳ್ಳನ ಓಟು ಎಣಿಕೆಗೆ, ಮಾಲೀಕನ ಓಟು ಲಕೋಟೆಗೆ. ಇದನ್ನು ಕಾನೂನು ಎನ್ನುತ್ತಾರಾ?

"ಒಡೆಸಬೇಕಾದರೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಫಲಿತಾಂಶ ಬಂದ ನಲವತ್ತೈದು ದಿನದೊಳಗೆ" ಎಂದರು ಶಿರಸಿಯ ವಕೀಲರು.

"ನಾಲ್ಕು ದಿನ ಹೆಚ್ಚುಕಡಿಮೆ ಮಾಡ್ಕೊಳ್ಳಿ" ಎಂದೆ.

"ಒಂದು ದಿನವೂ ಇಲ್ಲ."

ಚೌಕಾಸಿಯೇ ನಡೆಯದ ಅಂಗಡಿ!

"ಅದೂ ಅಲ್ಲದೆ ಗೆಲುವಿನ ಅಂತರ ಲಕ್ಷದ ಲೆಕ್ಕದಲ್ಲಿದೆ. ನಿಮ್ಮ ಒಂದು ಓಟಿಂದ ಫಲಿತಾಂಶ ಬದಲಾಗಲ್ಲ ಅಂದ್ರೆ ಕೋರ್ಟು ಕೈ ಹಾಕಲ್ಲ. ಅಷ್ಟಕ್ಕೂ ನೀವು ಯಾರ ಕಡೆ?"

"ಗೆದ್ದವರ ಕಡೆನೇ" ಎಂದರು ಮಾವ.

"ಮತ್ತೆ ಗೆದ್ದವರ ಮೇಲೇ ಕೇಸಾ?"

"ಗೆದ್ರೆ ಎಂತಾತು? ಎಣಸವು!" ಎಣಿಸಲೇಬೇಕಂತೆ!

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಮಾವಾ, ಬೇಕಾದ ಜನನೇ ಗೆದ್ದಾತು. ಇನ್ನೆಂತ ಆಗವು?" ಎಂದು ಸಿಡುಕಿದೆ.

ಮಾವ ಕಿಟಕಿಯಾಚೆ ನೋಡುತ್ತ, ಕಳೆದ ವರ್ಷ ತೀರಿಕೊಂಡ ಅತ್ತೆಯ ಮಾತೆತ್ತಿದರು.

"ನಿನ್ನತ್ತೆ ಯಾವತ್ತೂ ಯನ್ನ ವಿರುದ್ಧನೇ ಒತ್ತಕಂಡು ಬರ್ತಿತ್ತು. ಒಂದು ಸಲನೂ ಅದರ ಜನ ಗೆದ್ದಿದ್ವಿಲ್ಲೆ. ಆನು 'ಮತ್ತೆ ಸೋತ್ಯಾ' ಹೇಳಿ ನೆಗ್ಯಾಡ್ತಿದ್ದಿ. ಈ ಸಲ ಅದು ಇಲ್ಲೆ ತಮಾ. ಅದಕ್ಕೇ ಯನ್ನ ಮತಪತ್ರದಲ್ಲಿ ಅದರ ಜನಕ್ಕೇ ಒತ್ತಿ, ಅದರ ಓಟು ಆನೇ ಹಾಕಿದಿ. ಗೆಲ್ಲದು ಬ್ಯಾಡ. ಎಣಸಿದ್ರೆ ಸಾಕಾಗಿತ್ತು."

ಯಲ್ಲಾಪುರದಲ್ಲಿ ಇಳಿದು, ಗಾಡಿ ಬಾಡಿಗೆಯನ್ನು ಚೌಕಾಸಿ ಮಾಡದೆ ಕೊಟ್ಟೆ.

ಓದುಗರೇ, ಬೆಳಿಗ್ಗೆ ಬೇಗ ಹೋಗಿ ಓಟು ಹಾಕಿ. ನಿಮ್ಮ ಹೆಸರಲ್ಲಿ ಬೇರೆಯವರು ಹಾಕಿದ್ದರೆ ಜಗಳ ಆಮೇಲೆ. ಮೊದಲು ಮತಪತ್ರ ಕೇಳಿ ಪಡೆಯಿರಿ. ವಕೀಲರ ಮೆಟ್ಟಿಲು ಹತ್ತುವ ಮುಂಚೆ ಗೆಲುವಿನ ಅಂತರ ನೋಡಿಕೊಳ್ಳಿ. ಮನೆಯವರು ನಿಮ್ಮ ವಿರುದ್ಧವೇ ಒತ್ತುವವರಾದರೂ, ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ.