ಮೋಡ ನೋಡುವ ಮಾವ

ನಮ್ಮ ಮಾವನವರಿಗೆ ದಾವಣಗೆರೆಯಲ್ಲಿ ಯಾರ ಗುರುತೂ ಸಿಗುತ್ತಿರಲಿಲ್ಲ. ಮರೆವಿನ ಕಾಯಿಲೆ ಏನೂ ಇರಲಿಲ್ಲ ಬಿಡಿ. ಯಾರದಾದರೂ ಮುಖ ನೋಡಿದ್ದರೆ ತಾನೆ ಗುರುತು ಸಿಗುವುದು? ಮನೆಯಿಂದ ಹತ್ತಿ ಅಂಗಡಿಗೆ ಹೋಗುವಾಗಲೂ, ಅಂಗಡಿಯಿಂದ ಮನೆಗೆ ಬರುವಾಗಲೂ ಅವರ ಕಣ್ಣು ಮೋಡಗಳ ಮೇಲೆ. ಎದುರಿಗೆ ಬಂದ ಎತ್ತಿನ ಗಾಡಿಯವರೇ ಪಕ್ಕಕ್ಕೆ ಸರಿಯಬೇಕು. ಒಮ್ಮೆ ಎಮ್ಮೆಯೊಂದಕ್ಕೆ ಡಿಕ್ಕಿ ಹೊಡೆದು, "ತಪ್ಪಾತು ಯಜಮಾನ್ರೆ" ಎಂದು ಕೈಮುಗಿದು ಮುಂದೆ ನಡೆದಿದ್ದರಂತೆ.

ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ನೋಡಲು ಹರಿಹರಕ್ಕೆ ಬಂದಾಗಲೂ ಅಷ್ಟೇ. ನಾನು ಅವಲಕ್ಕಿ ತಟ್ಟೆ ಹಿಡಿದು ಪಡಸಾಲೆಗೆ ಬಂದೆ. ಗಂಡಿನ ಕಡೆಯವರೆಲ್ಲ ನನ್ನತ್ತ ತಿರುಗಿದರು. ಮಾವ ಮಾತ್ರ ಬಾಗಿಲ ಪಕ್ಕ ಕೂತು ಹೊರಗೆ ನೋಡುತ್ತಿದ್ದರು.

ಅಪ್ಪ ಅಳುಕುತ್ತಲೇ ಕೇಳಿದರು: "ಹೆಂಗನಿಸ್ತು ರೀ?"

"ಭಾಳ ಚಂದ ಐತೆ," ಎಂದರು ಮಾವ. "ಆದ್ರೆ ಒಂದು ಕಡೆ ನಿಲ್ಲೋ ಜಾತಿ ಅಲ್ಲ. ಗಾಳಿ ಬೀಸಿದ್ರೆ ಹಾರಿ ಹೋಗ್ತೈತೆ."

ಅಪ್ಪನ ಮುಖ ಕಪ್ಪಿಟ್ಟಿತು. ಅತ್ತೆಯೇ ಗಡಿಬಿಡಿಯಿಂದ, "ಅದು ಮೋಡದ ಮಾತು ರೀ, ಹುಡುಗೀದಲ್ಲ" ಎಂದು ಬಿಡಿಸಿ ಹೇಳಬೇಕಾಯಿತು. ನಮ್ಮ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಅಪ್ಪನನ್ನು ಒಳಗೆ ಕರೆದು ತೀರ್ಮಾನ ಹೇಳಿದಳು: "ಈ ಮನೀಗೇ ಕೊಡ್ರಿ. ಮಾವ ಆದೋರು ಮ್ಯಾಲೆ ನೋಡ್ತಾ ಕೂತ್ರೆ ಸೊಸೆ ತಪ್ಪು ಹುಡುಕೋರು ಯಾರು?"

ಹಾಗೆ ನಾನು ದಾವಣಗೆರೆಯ ಸೊಸೆಯಾದೆ. ಹೊಸತರಲ್ಲಿ ಒಂದು ಬೆಳಗ್ಗೆ ಅನ್ನಕ್ಕೆ ಇಟ್ಟಿದ್ದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. "ಮೋಡ ಹೆಂಗೆ ಆಗ್ತೈತೆ ಗೊತ್ತೇನವ್ವ?" ಎಂದು ಪಾತ್ರೆಯ ಮುಚ್ಚಳ ತೆಗೆದೇ ಬಿಟ್ಟರು. "ಬಿಸಿಲು ಬಿದ್ದಾಗ ಕೆರೆ, ಹೊಳೆ, ಸಮುದ್ರದ ನೀರು ಆವಿಯಾಗಿ ಮ್ಯಾಲೆ ಹೋಗ್ತೈತೆ. ಆವಿ ಕಣ್ಣಿಗೆ ಕಾಣೋದಿಲ್ಲ. ಮ್ಯಾಲೆ ತಣ್ಣಗಾಗಿ, ಹಾರಾಡೋ ಧೂಳಿನ ಕಣ ಹಿಡಕೊಂಡು ಸಣ್ಣ ಸಣ್ಣ ಹನಿ ಆದಾಗ ಕಾಣ್ತೈತೆ. ಅದೇ ಮೋಡ." ಮುಚ್ಚಳ ಅವರ ಕೈಯಲ್ಲೇ ಉಳಿಯಿತು. ಒಲೆಯಲ್ಲಿ ಸೌದೆ ಆರಿತು. ಅವತ್ತು ಊಟಕ್ಕೆ ಕೂತ ಅತ್ತೆ ಅನ್ನದ ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿ, "ಮೋಡ ಬೆಂದೈತೆ, ಅನ್ನ ಬೆಂದಿಲ್ಲ" ಎಂದರು.

ಸಂಜೆಯಾದರೆ ಮಾಳಿಗೆಯ ಮೇಲೆ ಪಾಠ. ಎತ್ತರದಲ್ಲಿ ಎಳೆ ಎಳೆಯಾಗಿ ತೇಲುವುದು ಗರಿ ಮೋಡ, ಅದರಲ್ಲಿ ಇರುವುದೆಲ್ಲ ಮಂಜಿನ ಹರಳು. ಅಂಗಡಿಯಲ್ಲಿ ಹತ್ತಿ ಸುರಿದಂತೆ ಕಾಣುವುದು ರಾಶಿ ಮೋಡ. ಊರಿಗೆಲ್ಲ ಬೂದು ಕಂಬಳಿ ಹೊದಿಸಿದಂತೆ ತಗ್ಗಿನಲ್ಲಿ ಮಲಗುವುದು ಹಾಸು ಮೋಡ. ಇನ್ನು ಬೆಟ್ಟದ ಹಾಗೆ ಬೆಳೆದು, ತಲೆ ಮಾತ್ರ ಕಮ್ಮಾರನ ಅಡೆಗಲ್ಲಿನಂತೆ ಚಪ್ಪಟೆಯಾದರೆ ಅದು ಗುಡುಗಿನ ಮೋಡ. ಮಾವ ಹೇಳುತ್ತಾ ಹೇಳುತ್ತಾ ಅರ್ಧ ಕಣ್ಣು ಮುಚ್ಚುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೂ ಕೆಳಗಿನ ಪಾತ್ರೆ, ಬಟ್ಟೆ ಎಲ್ಲ ಮರೆತು, ಮಾಳಿಗೆಯೇ ಮೆಲ್ಲಗೆ ತೇಲುತ್ತಿದೆ ಅನಿಸುತ್ತಿತ್ತು.

ಇಷ್ಟೆಲ್ಲ ತಿಳಿದವರಿಗೆ ಮಳೆಯ ವಿಷಯ ಮಾತ್ರ ಒಮ್ಮೆಯೂ ಒಲಿಯಲಿಲ್ಲ. ಪಕ್ಕದ ಮನೆಯಲ್ಲಿ ಗಾದಿ ತುಂಬುವ ಸಾಬರಿದ್ದರು. ಬೆಳಗ್ಗೆ ಹತ್ತಿ ಹರವುವ ಮೊದಲು ಗೋಡೆಯಾಚೆಯಿಂದ ಕೇಳುತ್ತಿದ್ದರು: "ಯಜಮಾನ್ರೆ, ಇವತ್ತು ಮಳೆ ಐತೇನ್ರಿ?"

"ಇಲ್ಲ ಸಾಬ್ರೆ, ಹನಿನೂ ಇಲ್ಲ. ಬೇಫಿಕರ್ ಆಗಿ ಹರವ್ರಿ."

ಸಾಬರು ಬಹಳ ವಿನಯದಿಂದ "ಆಗ್ಲಿ ರೀ" ಎಂದು ಹತ್ತಿಯನ್ನೆಲ್ಲ ಒಳಗೆ ಸಾಗಿಸುತ್ತಿದ್ದರು. ಅವರ ಹತ್ತಿ ಎಂದೂ ನೆನೆಯಲಿಲ್ಲ.

ಮದುವೆಯಾದ ಎರಡನೆಯ ಮಳೆಗಾಲಕ್ಕೆ ಅವ್ವ ತೀರಿಕೊಂಡಳು. ಜ್ವರ ಎಂದು ಸುದ್ದಿ ಬಂದು, ನಾನು ರೈಲು ಹತ್ತಿ ಹರಿಹರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಸ್ಥಿಯನ್ನು ತುಂಗಭದ್ರೆಗೆ ಬಿಟ್ಟರು. ಕರ್ಮಗಳೆಲ್ಲ ಮುಗಿದ ಮೇಲೆ ನಾನು ದಾವಣಗೆರೆಗೆ ಬಂದೆ. ಅಳು ಬರಲಿಲ್ಲ, ಮಾತೂ ಬರಲಿಲ್ಲ. ಅತ್ತೆ ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ, ಕೊಟ್ಟ ಕೆಲಸ ಮಾಡುತ್ತಿದ್ದೆ, ಅಷ್ಟೇ. "ಒಂದು ಸಲ ಅತ್ತುಬಿಡವ್ವ" ಎಂದು ಅತ್ತೆ ಬೆನ್ನು ಸವರಿದರೂ ಎದೆ ಕಲ್ಲಾಗಿಯೇ ಇತ್ತು.

ಒಂದು ಮಧ್ಯಾಹ್ನ ಮಾವ ಅಂಗಡಿಯಿಂದ ಬೇಗ ಬಂದರು. ನನ್ನ ಮುಖವನ್ನು ಸುಮಾರು ಹೊತ್ತು ನೋಡಿದರು. "ಮಾಳಿಗೆಗೆ ಬಾರವ್ವ" ಎಂದರು.

ಪಶ್ಚಿಮದಿಂದ ದಟ್ಟ ಮೋಡಗಳು ಬರುತ್ತಿದ್ದವು. ಮಾವ ಅವುಗಳ ಹೆಸರು ಹೇಳಲಿಲ್ಲ.

"ಗಾಳಿ ಹರಿಹರದ ಕಡೆಯಿಂದ ಐತೆ," ಎಂದರು ಮೆಲ್ಲಗೆ. "ಮೋಡದಾಗೆ ಯಾವ ನೀರು ಎಷ್ಟೈತೆ ಅಂತ ಹೇಳೋಕೆ ಯಾರಿಗೂ ಬರಲ್ಲ. ಸಮುದ್ರದ್ದೇ ಜಾಸ್ತಿ. ಆದ್ರೆ ಹಾದ್ಯಾಗಿನ ಹೊಳೆ ನೀರೂ ಒಂದೀಟು ಸೇರಿರ್ತೈತೆ. ನಿಮ್ಮ ಹೊಳೇದೂ ಸೇರಿರ್ತೈತವ್ವ."

ಅಷ್ಟು ಹೇಳಿ ಅವರು ಮೆಟ್ಟಿಲ ಬಳಿಗೆ ಸರಿದು ನಿಂತರು. ಮೊದಲ ಹನಿ ನನ್ನ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಹಣೆಯ ಮೇಲೆ, ಕೈಗಳ ಮೇಲೆ. ಎಲ್ಲಿತ್ತೋ ಅಷ್ಟು ದಿನದ ಅಳು, ಒಮ್ಮೆಗೇ ಒಡೆದುಕೊಂಡು ಬಂತು.

ಕೆಳಗಿನಿಂದ ಅತ್ತೆ ಕೂಗಿದರು: "ಏನ್ರಿ, ಅವಳನ್ನ ಒಳಗೆ ಕರ್ಕೊಂಡು ಬರ್ರಿ, ನೆಂದು ಹೋಗ್ತಾಳೆ."

ಮಾವ ಮೆಟ್ಟಿಲ ಮೇಲೆ ಬಗ್ಗಿ, ದನಿ ತಗ್ಗಿಸಿ ಹೇಳಿದ್ದು ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು.

"ಸುಮ್ನಿರು. ಅವರವ್ವ ಬಂದಾರೆ. ತಾಯಿ ಮಗಳು ಒಂದೀಟು ಮಾತಾಡ್ಲಿ."