ಮನೇಲಿ ಕೇಳಿ ಹೇಳ್ತೀನಿ

ನಮ್ಮ ಕಸುಬಿನಲ್ಲಿ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಜೆಸಿಬಿ ಬಕೆಟ್ ನೆಲಕ್ಕೆ ತಾಗಿದರೆ ಸಾಕು, ಸುತ್ತ ಇಪ್ಪತ್ತು ಜನ ಬಂದು ನಿಲ್ಲುತ್ತಾರೆ. ಇಪ್ಪತ್ತು ಜನ ನಿಂತ ಕಡೆ ಏನಾದರೂ ಒಂದು ಆಗೇ ಆಗುತ್ತೆ. ಭದ್ರಾವತಿ, ಶಿವಮೊಗ್ಗದ ಸುತ್ತ ಮೂವತ್ತು ವರ್ಷ ಮಣ್ಣು ತೋಡಿದ್ದೀನಿ. ಆಗುತ್ತಲೇ ಇದೆ.

ಆದರೆ ನನ್ನ ಮಟ್ಟಿಗೆ ನಗು ಆಗಿದ್ದು ಮಣ್ಣು ತೋಡುವಾಗ ಅಲ್ಲ, ಸಂಬಳ ಮಾತಾಡುವಾಗ. ನನಗೆ ಮೆಷಿನ್ ಓಡಿಸೋದು ಗೊತ್ತು. ಇಷ್ಟು ಕೊಡಿ ಅಂತ ಕೇಳೋದು ಗೊತ್ತಿಲ್ಲ. ಅದು ನನ್ನ ಹೆಂಡತಿ ಕೆಲಸ. ಯಾರು ಕರೆದರೂ, ಎಷ್ಟು ಬೇಕು ಅಂದರೂ ನನ್ನದು ಒಂದೇ ಮಾತು: "ಮನೇಲಿ ಕೇಳಿ ಹೇಳ್ತೀನಿ."

ಅವಳು ಹೋಗಿ ಏಳು ತಿಂಗಳಾಯಿತು. ಅವತ್ತಿನಿಂದ ನಾನು ಮೆಷಿನ್ ಸೀಟಿನ ಮೇಲೆ ಕೂತಿರಲಿಲ್ಲ. ಹೋದ ವಾರ ಹಳೇ ಓನರ್ ಫೋನ್ ಮಾಡಿದರು. ರೋಡ್ ಅಗಲ ಮಾಡೋ ಕೆಲಸ ಹಿಡಿದಿದ್ದಾರೆ. ಮಣ್ಣು ಅಗೆಯೋ ದೊಡ್ಡ ಹಿಟಾಚಿ ಮೆಷಿನ್ ಬಂದಿದೆ. "ಶನಿವಾರ ಬಾ. ಎಷ್ಟು ಬೇಕು ಅಂತ ಹೇಳು" ಅಂದರು. ಈ ಸಲ ನಾನೇ ಹೇಳಬೇಕು. ಜೀವಮಾನದಲ್ಲಿ ಮೊದಲನೇ ಸಲ.

ಶನಿವಾರ ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಆ ಸೀಟು ಹತ್ತೋನಲ್ಲ ನಾನು. ಅದು ನನಗೆ ಗೊತ್ತಿತ್ತು. ಶನಿವಾರ ಏನಾಯಿತು ಅಂತ ಕೊನೆಗೆ ಹೇಳ್ತೀನಿ. ಮೊದಲು ಹಳೇದು.

೧. ಹೆಣ್ಣು ನೋಡಿದ್ದು

ಆಗ ನಾನು ಒಂದು ಕಾರ್ಖಾನೆ ಯಾರ್ಡಿನಲ್ಲಿ ಲೋಡರ್ ಓಡಿಸ್ತಿದ್ದೆ. ಕಾಂಟ್ರಾಕ್ಟ್ ಕೆಲಸ. ಅಣ್ಣ ನನ್ನನ್ನು ಜನ್ನಾಪುರಕ್ಕೆ ಹೆಣ್ಣು ನೋಡೋಕೆ ಕರೆದುಕೊಂಡು ಹೋದ. ಹುಡುಗಿ ಕೇಸರಿಬಾತ್ ತಂದಿಟ್ಟಳು. ಅವಳ ಅಪ್ಪ ಫಿಟ್ಟರ್ ಆಗಿ ರಿಟೈರ್ ಆದವರು. "ಸಂಬಳ ಎಷ್ಟು?" ಅಂದರು.

ನಾನು ಅಣ್ಣನ ಮುಖ ನೋಡಿದೆ. ಅಣ್ಣ ಸ್ವಲ್ಪ ಸೇರಿಸಿ ಹೇಳಿದ.

ಹುಡುಗಿ ಒಳಗೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತೇ ಕೇಳಿದಳು: "ಓವರ್‌ಟೈಮ್ ಸೇರಿಸಿಯೋ, ಬಿಟ್ಟೋ?"

ಅಣ್ಣನ ಚಮಚ ಬಾಯಿ ಹತ್ತಿರ ನಿಂತಿತು.

"ಮಳೆಗಾಲದಲ್ಲಿ ಕೆಲಸ ನಿಂತರೆ ಸಂಬಳ ಕೊಡ್ತಾರಾ? ಕಾಂಟ್ರಾಕ್ಟ್ ಎಷ್ಟು ದಿನದ್ದು? ಪಿ.ಎಫ್. ಹಿಡೀತಾರಾ?"

ಅಣ್ಣ ತಟ್ಟೆ ಕೆಳಗಿಟ್ಟು ಎದ್ದ. ವಾಪಸ್ ಬಸ್ಸಲ್ಲಿ ಅಣ್ಣ ಕೇಳಿದ, "ಹುಡುಗಿ ಹೇಗಿದ್ದಾಳೋ?" ಗೊತ್ತಿಲ್ಲ ಅಂದೆ. ಉತ್ತರ ಯೋಚನೆ ಮಾಡೋದರಲ್ಲಿ ಮುಖ ನೋಡೋದೇ ಮರೆತು ಹೋಗಿತ್ತು. ಹೆಣ್ಣು ನೋಡೋಕೆ ಹೋದೋನು ಇಂಟರ್‌ವ್ಯೂ ಕೊಟ್ಟು ಬಂದಿದ್ದೆ.

ಮಾರನೇ ದಿನ ಧೈರ್ಯ ಮಾಡಿ ಕಾಂಟ್ರಾಕ್ಟರನ್ನು ಕೇಳಿದೆ, "ಸಾರ್, ನಮಗೆ ಪಿ.ಎಫ್. ಹಿಡೀತೀರಾ?"

ಅವರು ಕನ್ನಡಕ ಕೆಳಗೆ ಮಾಡಿ ನೋಡಿದರು. "ಇದನ್ನೆಲ್ಲ ಕೇಳು ಅಂತ ಯಾರು ಹೇಳಿಕೊಟ್ಟಿದ್ದು?"

"ಮನೇಲಿ ಸಾರ್."

"ಯಾವ ಮನೇಲಿ? ನಿನಗಿನ್ನೂ ಮದುವೇನೇ ಆಗಿಲ್ಲವಲ್ಲೋ!"

೨. ಐನೂರು ಗಂಟೆಯ ಸರ್ವಿಸ್

ಅದೇ ಹುಡುಗಿ ಜೊತೆ ಮದುವೆಯಾಗಿ ಜನ್ನಾಪುರದಲ್ಲೇ ಮನೆ ಮಾಡಿದೆ. ಕಾರ್ಖಾನೆಯ ಕಾಂಟ್ರಾಕ್ಟ್ ಮುಗಿಯಿತು. ಶಿವಮೊಗ್ಗದ ಆಲ್ಕೊಳದಲ್ಲಿ ಒಬ್ಬರು ಮೂರು ಜೆಸಿಬಿ ಇಟ್ಟಿದ್ದರು. ಅವರ ಹತ್ತಿರ ಸೇರಿದೆ. ಹೋದ ವಾರ ಫೋನ್ ಮಾಡಿದ ಓನರ್ ಇವರೇ. ಒಳ್ಳೆ ಮನುಷ್ಯ. ಜೇಬಿಗೆ ಕೈ ಹಾಕುವಾಗ ಮಾತ್ರ ಸ್ವಲ್ಪ ನಿಧಾನ.

ಎರಡು ವರ್ಷ ಆದಮೇಲೆ ಅವರೇ ಕೇಳಿದರು, "ಸಂಬಳ ಸ್ವಲ್ಪ ಜಾಸ್ತಿ ಮಾಡೋಣ. ಎಷ್ಟು ಬೇಕು ಹೇಳು ಮಾರಾಯ."

"ಮನೇಲಿ ಕೇಳಿ ಹೇಳ್ತೀನಿ ಸಾರ್."

ನಾನು ಆಟ ಆಡ್ತಿದ್ದೀನಿ ಅಂದುಕೊಂಡರು. "ಈಗಲೇ ಫೋನ್ ಹಚ್ಚು. ನಾನೇ ಮಾತಾಡ್ತೀನಿ" ಅಂದರು. ಹಚ್ಚಿ ಕೊಟ್ಟೆ. ಸ್ಪೀಕರ್ ಹಾಕಿದರು. ಅದೇ ಅವರು ಮಾಡಿದ ತಪ್ಪು. ಯಾರ್ಡಿನಲ್ಲಿ ಮೆಕ್ಯಾನಿಕ್ಕು, ಡ್ರೈವರ್ರು ಎಲ್ಲ ಇದ್ದರು.

ಅವಳು ಸಂಬಳದ ಮಾತೇ ಎತ್ತಲಿಲ್ಲ. "ಸಾರ್, ಮೆಷಿನ್ನಿಗೆ ಸರ್ವಿಸ್ ಯಾವಾಗ ಮಾಡಿಸ್ತೀರಿ?" ಅಂದಳು.

"ಐನೂರು ಗಂಟೆಗೊಂದು ಸಲ. ಯಾಕಮ್ಮ?"

"ಮಾಡಿಸದಿದ್ದರೆ?"

"ಇಂಜಿನ್ ಹಿಡ್ಕೊಳ್ಳುತ್ತೆ."

"ನಮ್ಮನೆಯವರಿಗೆ ಸೊಂಟ ಹಿಡ್ಕೊಂಡಿದೆ ಸಾರ್. ಅವರ ಮೀಟರ್ ಯಾರು ನೋಡ್ತಾರೆ?"

ಮೆಕ್ಯಾನಿಕ್ ಸ್ಪ್ಯಾನರ್ ಬಿಟ್ಟು ನಗೋಕೆ ಶುರು ಮಾಡಿದ. ಓನರಿಗೆ ಬೇರೆ ದಾರಿ ಇರಲಿಲ್ಲ. ಮೆಷಿನ್ ಸರ್ವಿಸ್ ದಿನ ನನಗೂ ರಜೆ, ಸಂಬಳ ಕಟ್ ಇಲ್ಲ ಅಂತ ಒಪ್ಪಿದರು. ಆಮೇಲೆ ಸಂಬಳದ್ದೂ ಶುರು ಮಾಡಿದಳು. ಫೋನ್ ಇಟ್ಟ ಮೇಲೆ ಓನರ್ ಒಂದು ಚೊಂಬು ನೀರು ಕುಡಿದರು.

ಅಲ್ಲಿಂದ ಎರಡು ತಿಂಗಳಿಗೊಂದು ಸಲ ಆಲ್ಕೊಳದಲ್ಲಿ ಮೆಷಿನ್ನಿಗೆ ಇಂಜಿನ್ ಆಯಿಲ್, ಜನ್ನಾಪುರದಲ್ಲಿ ನನಗೆ ಹರಳೆಣ್ಣೆ. ನೆತ್ತಿಗೆ ತಟ್ಟಿ, ಬೆನ್ನಿಗೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯೋಳು. ಒಂದು ಸಲ ಅರ್ಜೆಂಟ್ ಕೆಲಸ ಬಂತು. ಓನರ್ ಫೋನ್ ಮಾಡಿದರು, "ಮೆಷಿನ್ ರೆಡಿಯಾಯ್ತು. ಅವನನ್ನ ಕಳಿಸಮ್ಮ."

ಇವಳು ಹೇಳಿದಳು: "ಇನ್ನೂ ಸೀಗೆಪುಡಿ ಬಾಕಿ ಇದೆ ಸಾರ್. ಸಾಯಂಕಾಲ ಡೆಲಿವರಿ."

೩. ಗಂಟೆಗೆ ಎಷ್ಟು

ಶಂಕರಘಟ್ಟದ ಹತ್ತಿರ ಒಂದು ಮನೆಗೆ ಪಾಯ ತೋಡ್ತಿದ್ದೆ. ಬಸ್ಸಿಗೆ ಕಾಯ್ತಾ ಒಬ್ಬರು ಬಂದು ನಿಂತರು. ಹೆಗಲಿಗೆ ಬ್ಯಾಗು, ಜೇಬಲ್ಲಿ ಪೆನ್ನು. ನಾನು ಟೀಗೆ ಇಳಿದಾಗ ಕೇಳಿದರು, "ಇದಕ್ಕೆ ಗಂಟೆಗೆ ಎಷ್ಟು ರೀ?"

ಸಾವಿರದ ಇನ್ನೂರು ಅಂದೆ.

ಅವರು ಬ್ಯಾಗು ಕೆಳಗಿಟ್ಟರು. ಆಮೇಲೆ, "ನನಗೂ ಗಂಟೆ ಲೆಕ್ಕಾನೇ. ಕಾಲೇಜಲ್ಲಿ ಗೆಸ್ಟ್ ಆಗಿ ಪಾಠ ಮಾಡ್ತೀನಿ. ನನಗಿಂತ ನಿಮ್ಮ ಮೆಷಿನ್ನೇ ವಾಸಿ" ಅಂದರು.

ಪಾಪ ಅನ್ನಿಸಿತು. "ಅದು ಓನರಿಗೆ ಹೋಗೋದು ಸಾರ್. ನನಗೆ ತಿಂಗಳ ಸಂಬಳ. ಮೇಲೆ ದಿನದ ಊಟಕ್ಕೆ ಬಾಟಾ, ಅಷ್ಟೇ" ಅಂದೆ.

"ಬೇಸಿಗೆಯಲ್ಲೂ ಕೊಡ್ತಾರಾ?"

"ಬೇಸಿಗೆಯಲ್ಲೇ ಸಾರ್ ನಮಗೆ ಕೆಲಸ. ಮಳೆ ಹಿಡಿದರೆ ಮೆಷಿನ್ ಹೂತುಕೊಳ್ಳುತ್ತೆ."

"ನಮಗೆ ಬೇಸಿಗೆಯಲ್ಲೇ ಇಲ್ಲ, ಕಾಲೇಜಿಗೆ ರಜೆ." ಅವರು ಮೆಷಿನ್ನನ್ನು ಸುತ್ತು ಹಾಕಿ ನೋಡಿದರು. "ಇದು ಕಲಿಯೋಕೆ ಎಷ್ಟು ಓದಿರಬೇಕು?"

"ನಾನು ಏಳನೇ ಕ್ಲಾಸ್ ಫೇಲು ಸಾರ್."

ಅವರು ಉಸಿರು ಬಿಟ್ಟರು. "ನಾನು ಎರಡು ಎಂ.ಎ. ಮಾಡಿದ್ದೀನಿ. ಈಗ ವಾಪಸ್ ಹೋಗಿ ಫೇಲ್ ಆಗೋಕೂ ಆಗಲ್ಲವಲ್ರೀ."

ಬಸ್ ಬಂತು, ಹೋದರು. ರಾತ್ರಿ ಊಟಕ್ಕೆ ಕೂತಾಗ ಇವಳಿಗೆ ಹೇಳಿದೆ. ನಗ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಸಾರಿನ ಸೌಟು ಕೈಯಲ್ಲೇ ಹಿಡಿದು ಬೈದಳು: "ಅವರ ಹೆಂಡತಿ ನಂಬರ್ ಇಸ್ಕೊಂಡು ಬರಬಾರದಿತ್ತೇನ್ರೀ? ಹೇಗೆ ಕೇಳಬೇಕು ಅಂತ ನಾನು ಹೇಳಿಕೊಡ್ತಿದ್ದೆ."

೪. ಬೆಂಕಿಪೊಟ್ಟಣ

ಒಂದು ಸಲ ಹೊರದೇಶದ ಕೆಲಸಕ್ಕೆ ಆಪರೇಟರ್‌ಗಳನ್ನು ಆರಿಸೋಕೆ ಒಬ್ಬ ಏಜೆಂಟ್ ಶಿವಮೊಗ್ಗಕ್ಕೆ ಬಂದ. ಸಂಬಳ ಇಲ್ಲಿಯ ನಾಲ್ಕು ಪಟ್ಟು. ಊರ ಹೊರಗೆ ಒಂದು ಬಯಲಲ್ಲಿ ಟೆಸ್ಟು. ಕಲ್ಲಿನ ಮೇಲೆ ಅರ್ಧ ತೆರೆದ ಬೆಂಕಿಪೊಟ್ಟಣ ಇಡ್ತಾರೆ. ಬಕೆಟ್ಟಿನ ಹಲ್ಲಿನಿಂದ ತಳ್ಳಿ ಅದನ್ನು ಮುಚ್ಚಬೇಕು. ಪೊಟ್ಟಣ ಜಜ್ಜಬಾರದು.

ನನಗಿಂತ ಮುಂಚೆ ಹೋದ ಹನ್ನೊಂದು ಜನ ಹನ್ನೊಂದು ಪೊಟ್ಟಣ ಪುಡಿ ಮಾಡಿದರು. ನಾನು ಉಸಿರು ಹಿಡಿದು ಮುಚ್ಚಿದೆ. ಚಪ್ಪಾಳೆ ಬಿತ್ತು. ಏಜೆಂಟ್ ಓಡಿ ಬಂದು ಕೈ ಹಿಡಿದ. "ಪಾಸ್‌ಪೋರ್ಟ್ ಕೊಡಿ. ಯಾವಾಗ ಹೊರಡ್ತೀರಿ?"

"ಮನೇಲಿ ಕೇಳಿ ಹೇಳ್ತೀನಿ."

ಅವನೂ ಫೋನ್ ಇಸ್ಕೊಂಡ. ಎಲ್ಲರೂ ಇಸ್ಕೊಳ್ಳೋರೇ.

"ಮೇಡಂ, ಕ್ಯಾಬಿನ್ನಿಗೆ ಎ.ಸಿ. ಇರುತ್ತೆ. ರೂಮಿಗೂ ಎ.ಸಿ. ಊಟ ಫ್ರೀ."

"ಊರಿಗೆ ಯಾವಾಗ ಕಳಿಸ್ತೀರಿ?"

"ಎರಡು ವರ್ಷಕ್ಕೊಂದು ಸಲ ಮೇಡಂ. ಒಟ್ಟು ಆರು ವರ್ಷದ ಕಾಂಟ್ರಾಕ್ಟ್."

ಅವಳು ಕೇಳಿದಳು: "ಎರಡು ವರ್ಷಕ್ಕೊಂದು ಸರ್ವಿಸ್ ಮಾಡಿಸಿದರೆ ಯಾವ ಮೆಷಿನ್ ಸಾರ್ ಬಾಳಿಕೆ ಬರುತ್ತೆ?"

ಏಜೆಂಟ್ ಫೋನ್ ನನ್ನ ಕೈಗೆ ಕೊಟ್ಟು ಉಳಿದ ಬೆಂಕಿಪೊಟ್ಟಣಗಳನ್ನು ಎತ್ತಿಟ್ಟುಕೊಳ್ಳೋಕೆ ಶುರು ಮಾಡಿದ.

ನಾನು ಒಂದು ವಾರ ಇವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾಲ್ಕು ಪಟ್ಟು ಸಂಬಳ ಹೋಯಿತಲ್ಲ ಅಂತ. ಹೋಗಿದ್ದರೆ ಎರಡೆರಡು ವರ್ಷದಂತೆ ಆರು ವರ್ಷ ಅಲ್ಲಿರ್ತಿದ್ದೆ. ಆ ಆರು ವರ್ಷ ನಾನು ದಿನಾ ಅವಳ ಕೈಯಲ್ಲೇ ಉಂಡಿದ್ದೀನಿ. ಈಗ ಕೇಳಿದರೆ ಸಂಬಳ ಎಷ್ಟಿತ್ತು ಅಂತಲೂ ನೆನಪಾಗಲ್ಲ. ಅವತ್ತು ನಾನು ಜೇಬಿಗೆ ಹಾಕ್ಕೊಂಡು ಬಂದ ಮುಚ್ಚಿದ ಬೆಂಕಿಪೊಟ್ಟಣ ಮಾತ್ರ ಅವಳು ದೇವರ ಗೂಡಿನಲ್ಲಿ ಇಟ್ಟಿದ್ದಳು. ಇನ್ನೂ ಅಲ್ಲೇ ಇದೆ.

೫. ಇದು ನಗೋದಲ್ಲ

ನಮ್ಮಲ್ಲಿ ಮಣ್ಣು ಮಾಡೋದು. ಅವಳು ಹೋದ ದಿನ ಓನರ್ ಬಂದಿದ್ದರು. ಗುಂಡಿಗೆ ಮೆಷಿನ್ ಕಳಿಸ್ತೀನಿ ಅಂದರು. ಬೇಡ ಸಾರ್, ಕೈಯಲ್ಲೇ ತೋಡಲಿ ಅಂದೆ.

ಮೂವತ್ತು ವರ್ಷದಲ್ಲಿ ಎಷ್ಟು ಗುಂಡಿ ತೋಡಿದ್ದೀನೋ ನನಗೇ ಗೊತ್ತಿಲ್ಲ. ಅವತ್ತು ಮಾತ್ರ ಸುಮ್ಮನೆ ನಿಂತು ನೋಡಿದೆ. ಮಣ್ಣು ಕೆಂಪಗೆ, ಮೆತ್ತಗೆ ಇತ್ತು. ಒಳ್ಳೆ ಮಣ್ಣು.

ಆಮೇಲೆ ಮನೆಯಲ್ಲೇ ಉಳಿದೆ. ಮಗಳು ಹರಿಹರದಿಂದ ದಿನಾ ಫೋನ್ ಮಾಡೋಳು. ಓನರ್ ಕರೆದ ವಿಷಯ ಹೇಳಿದಾಗ, "ನಾನು ಮಾತಾಡ್ಲಾ ಅಪ್ಪ?" ಅಂದಳು. ದನಿ ಅವರ ಅಮ್ಮನದೇ. ಬೇಡ ಅಂದೆ. ಇದೊಂದು ಸಲ ನಾನೇ ಕೇಳಬೇಕು ಅನ್ನಿಸಿತು.

೬. ಶನಿವಾರ

ಅವಳಿದ್ದಿದ್ದರೆ ಎಷ್ಟು ಕೇಳ್ತಿದ್ದಳು ಅಂತ ಮೂರು ದಿನ ಯೋಚನೆ ಮಾಡಿದೆ. ಇಪ್ಪತ್ತೆಂಟು ಸಾವಿರ, ಬಾಟಾ ಬೇರೆ. ಇಷ್ಟೇ ಮಾತು. ಬಾಯಿಪಾಠ ಮಾಡಿದೆ. ಜನ್ನಾಪುರದಲ್ಲಿ ಬಸ್ ಹತ್ತಿದ ಮೇಲೂ ಒಳಗೊಳಗೇ ಅದೇ ಹೇಳ್ಕೊಳ್ತಿದ್ದೆ.

ಕಂಡಕ್ಟರ್ ಬಂದ. "ಎಲ್ಲಿಗೆ?"

"ಇಪ್ಪತ್ತೆಂಟು ಸಾವಿರ" ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಷ್ಟು ದೂರ ಈ ಬಸ್ ಹೋಗಲ್ಲ ಯಜಮಾನ್ರೆ."

ಆಲ್ಕೊಳದ ಯಾರ್ಡಿಗೆ ಹೋದೆ. ಹಿಟಾಚಿ ಹೊಸದು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಓನರ್ ಕುರ್ಚಿ ತೋರಿಸಿದರು. ಟೀ ತರಿಸಿದರು.

"ಈಗ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ಹಿಡ್ಕೊಂಡು ಬರೋರು ತುಂಬಾ ಜನ ಇದ್ದಾರೆ. ಕಡಿಮೆಗೇ ಬರ್ತಾರೆ. ಆದರೆ ರೋಡ್ ಪಕ್ಕ ನೀರಿನ ಪೈಪಿದೆ, ಕೇಬಲ್ ಇದೆ. ನಿನ್ನ ಕೈ ಬೇಕು. ಹೇಳು ಮಾರಾಯ, ಎಷ್ಟು?"

ಬಾಯಿ ತೆಗೆದೆ. ಇಪ್ಪತ್ತೆಂಟು ನಾಲಿಗೆ ತುದಿಗೆ ಬಂದಿತ್ತು.

"ಮನೇಲಿ ಕೇಳಿ ಹೇಳ್ತೀನಿ ಸಾರ್."

ಹೇಳಿದ ಮೇಲೆ ಗೊತ್ತಾಯಿತು. ಓನರ್ ಟೀ ಲೋಟ ಕೆಳಗಿಟ್ಟರು. ಆಚೆ ಮೆಕ್ಯಾನಿಕ್ ಬಡಿಯೋದು ನಿಲ್ಲಿಸಿದ. ಎದ್ದು ಹೋಗಿಬಿಡೋಣ ಅನ್ನಿಸಿತು. ಎದ್ದೂ ಬಿಟ್ಟೆ.

"ಕೂತ್ಕೋ" ಅಂದರು ಓನರ್. ಕೂತೆ.

ಅವರು ಸ್ವಲ್ಪ ಹೊತ್ತು ಹಿಟಾಚಿ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮೊದಲೆಲ್ಲ ಫೋನಲ್ಲಿ ಅವಳ ಹತ್ತಿರ ಮಾತಾಡ್ತಿದ್ದರಲ್ಲ, ಅದೇ ದನಿಯಲ್ಲಿ, ಗಟ್ಟಿಯಾಗಿ ಹೇಳಿದರು: "ಇಪ್ಪತ್ತೆರಡು ಕೊಡ್ತೀನಮ್ಮ."

ನನಗೆ ಕಣ್ಣು ತುಂಬಿತು. "ಆಯ್ತು ಸಾರ್, ಸಾಕು" ಅಂದೆ.

"ನೀನು ಸುಮ್ಮನಿರೋ!" ಅಂತ ಗದರಿದರು. "ನಿನ್ನ ಹತ್ರ ಯಾರು ಮಾತಾಡ್ತಿದ್ದಾರೆ?"

ನಾನು ಬಾಯಿ ಮುಚ್ಚಿದೆ.

"ಮೊದಲ ಮಾತಿಗೆ ಅವರು ಯಾವತ್ತು ಒಪ್ಪಿದ್ದಾರೆ?" ಅಂತ ತಾವೇ ಅಂದುಕೊಂಡರು. "ಸರಿ, ಇಪ್ಪತ್ತೈದು." ಸ್ವಲ್ಪ ಕಾದರು. ಹಣೆ ಒರೆಸಿಕೊಂಡರು. "ಇಪ್ಪತ್ತೇಳು. ಡೀಸೆಲ್ ರೇಟು ನೋಡಿ ಮಾತಾಡಬೇಕಮ್ಮ ನೀವೂ." ಮತ್ತೆ ಕಾದರು. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಹತ್ತಿರ ಬಂದು ನಿಂತಿದ್ದ. "ಬಾಟಾ ಬೇರೆ ಸಾರ್" ಅಂತ ಅವನು ಮೆಲ್ಲಗೆ ಸೇರಿಸಿದ.

"ಗೊತ್ತು ಕಣೋ!" ಅಂದರು ಓನರ್. "ಇಪ್ಪತ್ತೆಂಟು, ಬಾಟಾ ಬೇರೆ. ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗಲ್ಲ." ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಇಪ್ಪತ್ತು ವರ್ಷ ಆಯ್ತು. ಈ ಯಮ್ಮನ ಹತ್ರ ಒಂದು ಸಲಾನೂ ಗೆದ್ದಿಲ್ಲ ನಾನು."

ನಾನು ಎದ್ದು ಹಿಟಾಚಿ ಹತ್ತಿರ ಹೋದೆ. ಮೆಟ್ಟಿಲು ಹತ್ತಿ, ಪ್ಲಾಸ್ಟಿಕ್ ಕಿತ್ತು, ಸೀಟಿನ ಮೇಲೆ ಕೂತೆ. ಲಿವರ್ ಹಿಡಿದು ನೋಡಿದೆ. ಸೋಮವಾರ ಬರ್ತೀನಿ ಸಾರ್ ಅಂತ ಹೇಳಿ ಇಳಿದು ಗೇಟ್ ದಾಟಿದ್ದೆ. ಹಿಂದಿನಿಂದ ಓನರ್ ಓಡಿ ಬಂದರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ.

"ಲೇ, ನಿಲ್ಲೋ! ಐನೂರು ಗಂಟೆಗೊಂದು ರಜೆ ಹೇಳೋದು ಮರೆತಿದ್ದೆ. ಅದೂ ಇದೆ ಅಂತ ಈಗಲೇ ಮನೇಲಿ ಹೇಳಿಬಿಡು. ಆಮೇಲೆ ಫೋನ್ ಬಂದರೆ ನನ್ನ ಕೈಲಿ ಆಗಲ್ಲ."