ಅಮೋನಿಯಾಯುಕ್ತ ಜಲ

ಸುಲಭದ ಮಾತನ್ನು ಬಿಗಿ ಮಾಡಿ ಹೇಳುವ ಚಟ ಕೆಲವರಿಗೆ ಇರುತ್ತದೆ. ನನಗೆ ಅದು ಕಾಲೇಜಿನಲ್ಲಿ ಕನ್ನಡ ಓದುವಾಗ ಹತ್ತಿತು. ಮದುವೆಯಾದ ಹೊಸದರಲ್ಲಿ ಸಾರಿಗೆ ಉಪ್ಪು ಸಾಲದಿದ್ದರೆ 'ಲವಣಾಂಶ ನ್ಯೂನವಾಗಿದೆ' ಎನ್ನುತ್ತಿದ್ದೆ. ಹೆಂಡತಿ ಎರಡು ದಿನ ಸಹಿಸಿ, ಮೂರನೆಯ ದಿನ ಉಪ್ಪಿನ ಡಬ್ಬಿಯನ್ನೇ ತಾಟಿನ ಪಕ್ಕ ಕುಕ್ಕಿದಳು. ಮನೆಯಲ್ಲಿ ಚಟ ಬಿಟ್ಟಿತು. ಕೆಲಸದಲ್ಲಿ ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದೆ. ಐಸ್ ಮಾಡುವ ಯಂತ್ರದೊಳಗೆ ಅಮೋನಿಯಾ ಓಡುತ್ತದೆ. ಹೊರಬಿಟ್ಟ ಅನಿಲವನ್ನು ನೀರಿಗೆ ಹಾಯಿಸಿ, ಆ ನೀರನ್ನು ಒಂದು ಪೀಪಾಯಿಯಲ್ಲಿ ಮುಚ್ಚಿಡುತ್ತಿದ್ದರು. ಮೇಲೆ ಇಂಗ್ಲಿಷಿನಲ್ಲಿ 'ಅಮೋನಿಯಾಕಲ್ ವಾಟರ್' ಎಂದಿತ್ತು. "ಇದನ್ನ ಕನ್ನಡದಾಗ ಬರಸ್ರಿ, ಮಂದಿಗೆ ತಿಳೀಬೇಕು" ಎಂದರು ಮಾಲೀಕರು. ಆ ಗುಣವಾಚಕದ ಹಿಂದೆ ಎರಡು ದಿನ ಬಿದ್ದೆ. 'ಅಮೋನಿಯಾ ಬೆರೆತ ನೀರು' ತೀರಾ ಸಪ್ಪೆ ಎನಿಸಿತು. ಕೊನೆಗೆ 'ಅಮೋನಿಯಾಯುಕ್ತ ಜಲ' ಎಂದು ಬರೆಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ.

ಖಾನಾಪುರದ ಹಂಚಿನ ಕಾರ್ಖಾನೆ ಬಿಟ್ಟು ನಮ್ಮಲ್ಲಿ ಸೇರಿ ವಾರವಾಗಿದ್ದ ಹುಸೇನಸಾಬ ಅದನ್ನು ಅಕ್ಷರ ಕೂಡಿಸಿ ಓದಿದ.

"ಸಾಹೇಬ್ರ, ಯುಕ್ತ ಅಂದ್ರ ಏನ್ರಿ?"

ನಾನು ಊಟಕ್ಕೆ ಹೊರಟಿದ್ದೆ. "ಯೋಗ್ಯ, ಸರಿಯಾದದ್ದು" ಎಂದೆ. ಆ ಪದಕ್ಕೆ 'ಕೂಡಿದ' ಎಂಬ ಅರ್ಥವೂ ಉಂಟು, ಇಲ್ಲಿ ಬೇಕಾದದ್ದು ಅದೇ ಎಂದು ಹೇಳಲು ನಿಲ್ಲಲಿಲ್ಲ. ಹಸಿವಾಗಿತ್ತು.

ಬಳಸಲು ಯೋಗ್ಯವಾದ ನೀರು ಎಂದುಕೊಂಡ ಹುಸೇನಸಾಬ ಮರುದಿನ ಗ್ರೀಸು ಹತ್ತಿದ ಕೈ ತೊಳೆಯಲು ಪೀಪಾಯಿಯ ಮುಚ್ಚಳ ತೆಗೆದು ಬಗ್ಗಿದ. ಒಳಗಿನ ಘಾಟು ನೇರ ಕಣ್ಣಿಗೆ ಹೊಡೆಯಿತು. ಕೂಗು ಕೇಳಿ ನಾವೆಲ್ಲ ಓಡಿದೆವು. ಕಣ್ಣಿಗೆ ನಲ್ಲಿಯ ನೀರು ಹೊಯ್ದೇ ಹೊಯ್ದೆವು. ಬಲಗಣ್ಣು ಉಳಿಯಿತು. ಎಡಗಣ್ಣು ಉಳಿಯಲಿಲ್ಲ.

ತಿಂಗಳ ನಂತರ ಖಾನಾಪುರಕ್ಕೆ, ಅವನ ಮನೆಗೆ ಹೋದೆ. ಕ್ಷಮೆ ಕೇಳಲು ರೈಲಿನಲ್ಲಿ ಕುಳಿತು ವಾಕ್ಯ ಹೊಂದಿಸಿದ್ದೆ. ಮೂರು ಸಲ ತಿದ್ದಿದ್ದೆ ಕೂಡ. "ಬರ್ರಿ, ಕುಂದರ್ರಿ" ಎಂದು ಅವನ ಹೆಂಡತಿ ಚಾಪೆ ಹಾಸಿ ಚಹಾ ಮಾಡಲು ಒಳಗೆ ಹೋದಳು. ಹುಸೇನಸಾಬ ಕಣ್ಣಿನ ಪಟ್ಟಿ ಮುಟ್ಟಿಕೊಳ್ಳುತ್ತ ನನಗಿಂತ ಮೊದಲೇ ಬಾಯಿ ತೆರೆದ.

"ತಪ್ಪು ನಂದ ಐತ್ರಿ ಸಾಹೇಬ್ರ. ನೀವು ಬರೋಬ್ಬರಿ ಬರಸಿದ್ರಿ. ನಾ ಸಾಲಿ ಅರ್ಧಕ್ಕ ಬಿಟ್ಟಾಂವ, ನನಗ ತಿಳೀಲಿಲ್ಲ."

'ಇಲ್ಲಪ್ಪಾ, ತಪ್ಪು ನನ್ನದು' ಎನ್ನಲು ಯಾವ ನಿಘಂಟೂ ಬೇಕಿರಲಿಲ್ಲ. ನಾನು ಹೌದೆಂಬಂತೆ ತಲೆಯಾಡಿಸಿದೆ. ಚಹಾ ಕುಡಿದೆ. ಚಲೋ ಆಗಿತ್ತು ಎಂದೂ ಹೇಳಿ ಬಂದೆ.